ವಾಲ್ಟರ್ ಕ್ಯಾಂಪ್: ಒಂದು ಗಜದ ಬೆಲೆ ಕಟ್ಟಿದವನು

ಲೋಕದಲ್ಲಿ ಕೀರ್ತಿಯು ದುಡಿದವನಿಗೇ ಸಲ್ಲುವುದೆಂಬ ನಿಯಮವೇನೂ ಇಲ್ಲ. ರಥೋತ್ಸವದ ದಿನ ನೆರೆದವರೆಲ್ಲರ ಕಣ್ಣು ಕಲಶದ ಮೇಲೆ, ಉತ್ಸವಮೂರ್ತಿಯ ಮೇಲೆ ನೆಟ್ಟಿರುತ್ತದೆ. ಮಿಣಿ ಹಿಡಿದು ಎಳೆಯುವವರನ್ನಾದರೂ ಕೆಲವರು ನೋಡಿಯಾರು. ಆದರೆ ಚಕ್ರದ ಹಿಂದೆ ಬಾಗಿ ನಿಂತು, ಸನ್ನೆ ಕೊಟ್ಟು, ಆ ಮಹಾಭಾರವನ್ನು ಮೊದಲ ಗೇಣು ಅಲುಗಿಸಿದವರು ಯಾರೆಂದು ಕೇಳುವವರು ಅಪರೂಪ. ಸಮಾಜದಲ್ಲಿಯೂ ಹಾಗೆಯೇ, ಕ್ರೀಡಾಂಗಣದಲ್ಲಿಯೂ ಹಾಗೆಯೇ. ಕಣ್ಣಿಗೆ ಕಾಣದ ದುಡಿಮೆಯನ್ನು ಅಳೆಯುವುದು ಹೇಗೆ? ಒಂದು ಗುಂಪು ಪಡೆದ ಫಲದಲ್ಲಿ ಒಬ್ಬೊಬ್ಬನ ಪಾಲನ್ನು ನ್ಯಾಯವಾಗಿ ಹಂಚುವುದು ಹೇಗೆ? ಈ ಪ್ರಶ್ನೆಗಳನ್ನು ಆಟದ ಬಯಲಿನಲ್ಲಿ ಎದುರಿಸಿದವನು ಅಮೆರಿಕಾ ದೇಶದ ಕಾಲೇಜು ಫುಟ್‌ಬಾಲ್ ಆಟಕ್ಕೆ ಅದರ ಸ್ವಂತ ರೂಪವನ್ನು ಕೊಟ್ಟ ವಾಲ್ಟರ್ ಕ್ಯಾಂಪ್. ಅವನ ಜೀವನವು ಸಾಧನೆಯ ಕಥೆ ಮಾತ್ರವಲ್ಲ. ತಾನು ಮಾಡಿದ ನಿಯಮದ ದುಷ್ಫಲವನ್ನು ತನ್ನ ಕಣ್ಣಿನಿಂದಲೇ ಕಾಣಬೇಕಾಗಿ ಬಂದವನ ಕಥೆಯೂ ಹೌದು.

ಮುಂದುವರಿಯುವ ಮೊದಲು ಆ ಆಟದ ಸ್ವರೂಪವನ್ನು ಸ್ವಲ್ಪ ಹೇಳಬೇಕಾಗಿದೆ. ನಾವು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ, ಅಮೆರಿಕನ್ನರು ಆ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿನ ಚೆಂಡು ಅಂಡಾಕಾರದ್ದು. ಅದನ್ನು ಒದೆಯುವುದಕ್ಕಿಂತ ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ಪ್ರತಿ ಪಕ್ಷದಲ್ಲಿ 11 ಮಂದಿ; ಮೈದಾನದ ಉದ್ದ 100 ಗಜ. ಚೆಂಡು ಯಾರ ಕೈಯಲ್ಲಿದೆಯೋ ಆ ಪಕ್ಷಕ್ಕೆ ನಾಲ್ಕು ಪ್ರಯತ್ನಗಳು. ಒಂದೊಂದು ಪ್ರಯತ್ನಕ್ಕೂ ಡೌನ್ ಎಂದು ಹೆಸರು. ನಾಲ್ಕರೊಳಗೆ ಹತ್ತು ಗಜ ಮುಂದುವರಿದರೆ ಮತ್ತೆ ನಾಲ್ಕು ಡೌನ್‌ಗಳು ದೊರೆಯುತ್ತವೆ. ಇಲ್ಲದಿದ್ದರೆ ಚೆಂಡು ಎದುರು ಪಕ್ಷದ ಪಾಲು. ಚೆಂಡನ್ನು ಹಿಡಿದು ಓಡುವವನ ಮುಂದೆ ಅವನದೇ ಪಕ್ಷದ ಬಲಿಷ್ಠರು ಸಾಲಾಗಿ ಬಾಗಿ ನಿಂತಿರುತ್ತಾರೆ. ನಡುವೆ ಸೆಂಟರ್, ಅವನ ಎರಡು ಪಕ್ಕಗಳಲ್ಲಿ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಇವರೇ ಪಡೆಯ ಮುಂಚೂಣಿ. ಇವರು ಚೆಂಡನ್ನು ಹಿಡಿದು ಓಡುವವರಲ್ಲ. ಎದುರಾಳಿಯನ್ನು ಭುಜದಿಂದ ತಳ್ಳಿ ದಾರಿ ಬಿಡಿಸುವುದೇ ಇವರ ಕರ್ತವ್ಯ.

ಈ ಮುಂಚೂಣಿಯ ಸತ್ತ್ವಪರೀಕ್ಷೆಯು ಒಂದು ಗಳಿಗೆಯಲ್ಲಿ ನಡೆಯುತ್ತದೆ. ಮೂರು ಡೌನ್‌ಗಳು ಮುಗಿದಿವೆ. ಬೇಕಾದದ್ದು ಇನ್ನೊಂದೇ ಗಜ. ಚೆಂಡು ಎತ್ತ ಹೋಗುವುದೆಂದು ಎದುರಾಳಿಗಳಿಗೆ ಗೊತ್ತು, ನೋಡುವವರಿಗೂ ಗೊತ್ತು. ಇಲ್ಲಿ ಮಾಯೆಯಿಲ್ಲ, ಕಪಟವಿಲ್ಲ. ಯಾರು ಮೊದಲು ಅಲುಗಿದರು, ಯಾರು ತಗ್ಗಿ ನಿಂತು ಎದುರಾಳಿಯ ಎದೆಯ ಕೆಳಗೆ ಭುಜ ಕೊಟ್ಟರು ಎಂಬುದಷ್ಟೇ ಪ್ರಶ್ನೆ. ಎರಡು ಕ್ಷಣಗಳಲ್ಲಿ ಎಲ್ಲವೂ ಮುಗಿದು, ಒಂದು ಮನುಷ್ಯರಾಶಿ ಉಳಿಯುತ್ತದೆ. ರಾಶಿ ಮುಂದಕ್ಕೆ ಸರಿದಿದ್ದರೆ ಪತ್ರಿಕೆಯಲ್ಲಿ ಓಡಿದವನ ಹೆಸರು. ಸರಿಯದಿದ್ದರೆ ಮುಂಚೂಣಿಗೆ ನಿಂದೆ. ಈ ಗಳಿಗೆಯನ್ನು ಆಟದಲ್ಲಿ ಸೃಷ್ಟಿಸಿದವನೇ ನಮ್ಮ ಕಥಾನಾಯಕ.

ವಾಲ್ಟರ್ ಕ್ಯಾಂಪನು 1859ನೆಯ ಇಸವಿ ಏಪ್ರಿಲ್ 7ರಂದು ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಲೆವೆರೆಟ್ ಕ್ಯಾಂಪನು ಶಾಲಾ ಉಪಾಧ್ಯಾಯ. ಬಾಲ್ಯವು ನ್ಯೂ ಹೇವನ್ ನಗರದಲ್ಲಿ ಕಳೆಯಿತು. ಅಲ್ಲಿನ ಹಾಪ್ಕಿನ್ಸ್ ಶಾಲೆಯಲ್ಲಿ ಓದಿ, 1876ರಲ್ಲಿ ಅದೇ ನಗರದ ಯೇಲ್ ಕಾಲೇಜನ್ನು ಸೇರಿದನು. ಸೇರಿದ ವರ್ಷವೇ, ಇನ್ನೂ ಹದಿನೇಳರ ಹುಡುಗನಾಗಿದ್ದಾಗ, ಹಾರ್ವರ್ಡ್ ಪಡೆಯ ಎದುರು ಯೇಲ್ ಪರವಾಗಿ ಆಡಿದನು. ಅಲ್ಲಿಂದ ಮುಂದೆ 1882ರವರೆಗೆ ಅವನು ಆ ತಂಡವನ್ನು ಬಿಡಲಿಲ್ಲ. 1880ರಲ್ಲಿ ಪದವಿಯನ್ನು ಪಡೆದು ವೈದ್ಯಶಾಸ್ತ್ರದ ವ್ಯಾಸಂಗಕ್ಕೆ ತೊಡಗಿದರೂ ಅದನ್ನು ಪೂರೈಸಲಿಲ್ಲ. ಓದುವಾಗಲೇ ಆಡುವುದಕ್ಕೆ ಆಗಿನ ನಿಯಮಗಳಲ್ಲಿ ಅಡ್ಡಿಯಿರಲಿಲ್ಲ. ತಂಡದ ನಾಯಕತ್ವವೂ ಅವನ ಪಾಲಿಗೆ ಬಂದಿತು.

ಆ ಕಾಲದಲ್ಲಿ ಆಟವು ಇನ್ನೂ ಅವ್ಯವಸ್ಥೆಯಲ್ಲಿದ್ದಿತು. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಮೊದಲ ಅಂತರಕಾಲೇಜು ಪಂದ್ಯ ನಡೆದಿದ್ದರೂ ಒಂದೊಂದು ಕಾಲೇಜಿಗೆ ಒಂದೊಂದು ನಿಯಮ. 1876ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಕೆಲವು ಕಾಲೇಜುಗಳ ಪ್ರತಿನಿಧಿಗಳು ಸೇರಿ ಇಂಗ್ಲೆಂಡಿನ ರಗ್ಬಿ ಆಟದ ನಿಯಮಗಳನ್ನು ಬಹುಮಟ್ಟಿಗೆ ಸ್ವೀಕರಿಸಿದರು. ರಗ್ಬಿಯಲ್ಲಿ ಎರಡೂ ಪಕ್ಷದವರು ಒಂದು ಮುದ್ದೆಯಾಗಿ ಕೂಡಿ, ನಡುವೆ ಬಿದ್ದ ಚೆಂಡಿಗಾಗಿ ಕಾಲಿನಿಂದ ಸೆಣಸುವ ಒಂದು ಸಂದರ್ಭವುಂಟು. ಚೆಂಡು ಯಾರ ಕಡೆಗೆ ಹೊರಬಿದ್ದೀತೆಂಬುದು ಅದೃಷ್ಟದ ಮಾತು. ವಿದ್ಯಾರ್ಥಿಯಾಗಿದ್ದ ಕ್ಯಾಂಪನಿಗೆ ಇದು ಸರಿದೋರಲಿಲ್ಲ. ಯೋಚನೆ ಮಾಡಿ ಆಡುವುದಕ್ಕೆ ಮೊದಲು ಚೆಂಡು ಯಾರದೆಂದು ನಿಶ್ಚಯವಾಗಿರಬೇಕೆಂದು ಅವನು ವಾದಿಸಿದನು. ನಿಯಮಸಭೆಗಳಿಗೆ ಪ್ರತಿನಿಧಿಯಾಗಿ ಹೋಗತೊಡಗಿದ ಅವನ ಪ್ರಯತ್ನದಿಂದ 1880ರಲ್ಲಿ ಎರಡು ಮಹತ್ತ್ವದ ಬದಲಾವಣೆಗಳಾದವು. ಆಟಗಾರರ ಸಂಖ್ಯೆಯು ಹದಿನೈದರಿಂದ ಹನ್ನೊಂದಕ್ಕೆ ಇಳಿಯಿತು. ಚೆಂಡನ್ನು ಒಂದು ಪಕ್ಷದ ಸ್ವಾಧೀನದಲ್ಲಿಟ್ಟು, ಎರಡು ಪಡೆಗಳೂ ಒಂದು ಗೆರೆಯ ಆಚೀಚೆ ಎದುರುಬದುರಾಗಿ ನಿಲ್ಲುವ ಕ್ರಮ ಜಾರಿಗೆ ಬಂದಿತು. ರಗ್ಬಿಯಿಂದ ಅಮೆರಿಕನ್ ಆಟವು ಬೇರ್ಪಟ್ಟುದು ಈ ಗೆರೆಯಲ್ಲಿಯೇ ಎಂದರೆ ತಪ್ಪಾಗಲಾರದು.

ಒಂದು ರೋಗಕ್ಕೆ ಕೊಟ್ಟ ಮದ್ದು ಇನ್ನೊಂದು ರೋಗಕ್ಕೆ ಕಾರಣವಾಗುವುದುಂಟು. ಚೆಂಡು ಒಮ್ಮೆ ಕೈಸೇರಿದ ಮೇಲೆ ಅದನ್ನು ಬಿಟ್ಟುಕೊಡಬೇಕೆಂಬ ಕಟ್ಟುಪಾಡು ಇರಲಿಲ್ಲ. 1881ರಲ್ಲಿ ಯೇಲ್ ಮತ್ತು ಪ್ರಿನ್ಸ್‌ಟನ್ ತಂಡಗಳು ಆಡಿದಾಗ ಮೊದಲ ಅರ್ಧವನ್ನೆಲ್ಲ ಪ್ರಿನ್ಸ್‌ಟನ್, ಎರಡನೆಯ ಅರ್ಧವನ್ನೆಲ್ಲ ಯೇಲ್ ಚೆಂಡನ್ನು ಹಿಡಿದುಕೊಂಡೇ ಕಳೆದವು. ಯಾರಿಗೂ ಅಂಕವಿಲ್ಲ, ದುಡ್ಡು ಕೊಟ್ಟು ನೋಡಬಂದವರಿಗೆ ಬೇಸರ. ಆಟವೇ ಸತ್ತುಹೋದೀತೆಂಬ ಭಯ ಹುಟ್ಟಿತು. ಆಗ 1882ರಲ್ಲಿ ಕ್ಯಾಂಪನು ಮುಂದಿಟ್ಟ ಉಪಾಯವು ಬಹು ಸರಳವಾದುದು: ಚೆಂಡು ಇರುವ ಪಕ್ಷವು ಮೂರು ಪ್ರಯತ್ನಗಳಲ್ಲಿ ಐದು ಗಜ ಮುಂದೆ ಹೋಗಬೇಕು ಅಥವಾ ಹತ್ತು ಗಜ ಹಿಂದೆ ಸರಿದಿರಬೇಕು; ಎರಡೂ ಆಗದಿದ್ದರೆ ಚೆಂಡನ್ನು ಒಪ್ಪಿಸಬೇಕು. ಐದು ಗಜಗಳನ್ನು ಅಳೆಯುವುದಕ್ಕಾಗಿ ಮೈದಾನದ ಉದ್ದಕ್ಕೂ ಸುಣ್ಣದ ಗೆರೆಗಳನ್ನು ಎಳೆದರು. ಕೆಂಡದ ಮೇಲಿಡುವ ಕಬ್ಬಿಣದ ಜಾಲರಿಯಂತೆ ಆ ಬಯಲು ಕಂಡುದರಿಂದ ಅದಕ್ಕೆ ಗ್ರಿಡ್‌ಐರನ್ ಎಂಬ ಹೆಸರು ಬಂದಿತು. ಮರುವರ್ಷ ಅಂಕಗಳನ್ನು ಎಣಿಸುವ ಪದ್ಧತಿಯೂ ಸ್ಥಿರವಾಯಿತು. ಅಂದಿನಿಂದ ಈ ಆಟದಲ್ಲಿ ಒಂದೊಂದು ಗಜಕ್ಕೂ ಒಂದು ಬೆಲೆ ಬಂದಿತು. ಆ ನಿಯಮವನ್ನು ರೂಪಿಸಿದಾಗ ಕ್ಯಾಂಪನಿಗೆ ಇಪ್ಪತ್ತಮೂರು ವರ್ಷ.

ಓದನ್ನು ಬಿಟ್ಟ ಮೇಲೆ ಅವನು ಹೊಟ್ಟೆಪಾಡಿಗಾಗಿ ಹಿಡಿದುದು ಗಡಿಯಾರದ ವ್ಯಾಪಾರವನ್ನು. ನ್ಯೂ ಹೇವನ್ ಗಡಿಯಾರ ಕಂಪನಿಯಲ್ಲಿ ಸೇರಿ ಕ್ರಮೇಣ ಅದರ ಅಧ್ಯಕ್ಷಪದವಿಗೆ ಏರಿದನು. ಆಟದಿಂದ ಜೀವನ ನಡೆಸಿದವನಲ್ಲ; ಹಗಲೆಲ್ಲ ಕಚೇರಿ, ಸಂಜೆ ಆಟದ ಚಿಂತೆ, ರಾತ್ರಿ ಲೇಖನ. 1888ರಲ್ಲಿ ಆಲಿಸ್ ಗ್ರಹಾಂ ಸಮ್ನರ್ ಎಂಬಾಕೆಯನ್ನು ಮದುವೆಯಾದನು. ಈಕೆ ಯೇಲಿನ ಪ್ರಸಿದ್ಧ ಸಮಾಜಶಾಸ್ತ್ರಜ್ಞ ವಿಲಿಯಂ ಗ್ರಹಾಂ ಸಮ್ನರನ ಸೋದರಿ. ಆ ವರ್ಷ ಯೇಲ್ ತಂಡಕ್ಕೆ ಶಿಕ್ಷಣ ಕೊಡುವ ಹೊಣೆ ಕ್ಯಾಂಪನ ಮೇಲೆ ಬಿದ್ದಿತ್ತು. ಆದರೆ ಅಭ್ಯಾಸದ ಹೊತ್ತಿಗೆ ಗಡಿಯಾರದ ಕಚೇರಿಯನ್ನು ಬಿಟ್ಟು ಬರುವಂತಿರಲಿಲ್ಲ. ಆಲಿಸಳೇ ಮೈದಾನದ ಅಂಚಿನಲ್ಲಿ ನಿಂತು, ಯಾರು ಹೇಗೆ ಆಡಿದರೆಂಬುದನ್ನು ಗುರುತು ಹಾಕಿಕೊಂಡು ಸಂಜೆ ಗಂಡನಿಗೆ ವರದಿ ಒಪ್ಪಿಸುತ್ತಿದ್ದಳು. ರಾತ್ರಿ ಆಟಗಾರರು ಅವರ ಮನೆಗೆ ಬಂದರೆ ಆ ವರದಿಯ ಆಧಾರದ ಮೇಲೆ ಚರ್ಚೆ. ಆ ಋತುವಿನಲ್ಲಿ ಯೇಲ್ ಆಡಿದ 13 ಪಂದ್ಯಗಳನ್ನೂ ಗೆದ್ದಿತು. ಗಳಿಸಿದ ಅಂಕಗಳು 698, ಎದುರಾಳಿಗಳಿಗೆ ಬಿಟ್ಟುಕೊಟ್ಟುದು ಸೊನ್ನೆ. 1888ರಿಂದ 1892ರವರೆಗಿನ ಐದು ವರ್ಷಗಳಲ್ಲಿ ಕ್ಯಾಂಪನ ತಂಡ ಸೋತುದು ಎರಡೇ ಬಾರಿ. ಈ ಕೀರ್ತಿಯಲ್ಲಿ ಮೈದಾನದ ಅಂಚಿನಲ್ಲಿ ನಿಂತ ಆ ಗೃಹಿಣಿಯ ಪಾಲೆಷ್ಟೆಂದು ಯಾರೂ ಲೆಕ್ಕ ಹಾಕಲಿಲ್ಲ.

ಈ ತಂಡದ ಮುಂಚೂಣಿಯಲ್ಲಿ ಮಿನಿಯಾಪೊಲಿಸಿನಿಂದ ಬಂದ ವಿಲಿಯಂ ಹೆಫೆಲ್‌ಫಿಂಗರ್ ಎಂಬ ತರುಣನಿದ್ದನು. ಅವನ ಸ್ಥಾನ ಗಾರ್ಡ್. ಆವರೆಗೆ ಗಾರ್ಡ್ ಎಂದರೆ ತಾನು ನಿಂತ ಸ್ಥಳದಲ್ಲಿಯೇ ಬಂಡೆಯಂತೆ ನಿಲ್ಲುವವನು ಎಂದು ಭಾವನೆ. ಹೆಫೆಲ್‌ಫಿಂಗರನು ತನ್ನ ಜಾಗದಿಂದ ಸರಿದು ಹೊರಬಂದು, ಚೆಂಡು ಹಿಡಿದವನ ಮುಂದೆ ಓಡುತ್ತ, ಅಡ್ಡ ಬಂದವರನ್ನು ಕೆಡವುವ ಕ್ರಮವನ್ನು ರೂಢಿಗೆ ತಂದವರಲ್ಲಿ ಮೊದಲಿಗನು. ಅವನಂಥವನನ್ನು ಅಳೆಯಲು ಅಂಕಗಳಿಂದ ಸಾಧ್ಯವಿಲ್ಲ. ಆದರೆ ಅವನಿಲ್ಲದೆ ಅಂಕಗಳೂ ಇಲ್ಲ.

ಕ್ಯಾಂಪನ ಹೆಸರನ್ನು ಮನೆಮನೆಗೆ ಮುಟ್ಟಿಸಿದ ಕಾರ್ಯವು ಇಲ್ಲಿ ಆರಂಭವಾಗುತ್ತದೆ. 1889ರಲ್ಲಿ ಕ್ಯಾಸ್ಪರ್ ವಿಟ್ನಿ ಎಂಬ ಪತ್ರಕರ್ತನ ವಾರಪತ್ರಿಕೆಯಲ್ಲಿ ಅಖಿಲ ಅಮೆರಿಕಾ ತಂಡವೆಂಬ ಒಂದು ಪಟ್ಟಿ ಪ್ರಕಟವಾಯಿತು. ದೇಶದ ಎಲ್ಲ ಕಾಲೇಜುಗಳಿಂದ ಅತ್ಯುತ್ತಮರಾದ 11 ಮಂದಿಯನ್ನು, ಸ್ಥಾನಕ್ಕೊಬ್ಬರಂತೆ ಆರಿಸಿದ ಪಟ್ಟಿ ಅದು. ಮೊದಲ ಪಟ್ಟಿಯಲ್ಲಿ ವಿಟ್ನಿಯ ಪಾಲೆಷ್ಟು, ಕ್ಯಾಂಪನ ಪಾಲೆಷ್ಟು ಎಂಬ ಬಗ್ಗೆ ಭಿನ್ನಾಭಿಪ್ರಾಯವುಂಟು. ಆದರೆ ಮುಂದೆ ಆ ಪಟ್ಟಿಯು ಕ್ಯಾಂಪನದೆಂದೇ ಪ್ರಸಿದ್ಧವಾಯಿತು. 1898ರಿಂದ ಕಾಲಿಯರ್ಸ್ ವಾರಪತ್ರಿಕೆಯಲ್ಲಿ ಅದು ಬರತೊಡಗಿದ ಮೇಲೆ ಋತು ಮುಗಿಯುವ ವೇಳೆಗೆ ದೇಶವೇ ಅದಕ್ಕಾಗಿ ಕಾಯುತ್ತಿದ್ದಿತು. ಮೊದಲ ಪಟ್ಟಿಯಲ್ಲಿ ಕವಿ ಎಡ್ಗರ್ ಅಲನ್ ಪೋನ ಬಂಧುವೂ ಅದೇ ಹೆಸರಿನವನೂ ಆದ ಪ್ರಿನ್ಸ್‌ಟನ್ನಿನ ಆಟಗಾರನೊಬ್ಬನಿದ್ದನು. ಮುಂದೆ ಮಹಾಶಿಕ್ಷಕನೆನಿಸಿದ ಏಮಸ್ ಅಲೊಂಜೊ ಸ್ಟ್ಯಾಗ್ ಇದ್ದನು. ಗಾರ್ಡ್ ಸ್ಥಾನದಲ್ಲಿ ಹೆಫೆಲ್‌ಫಿಂಗರ್ ಇದ್ದನು.

ವಾಚಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆಗಿನ ಹನ್ನೊಂದರಲ್ಲಿ ಗೆರೆಯ ಮೇಲೆ ನಿಲ್ಲುವವರು, ಎರಡು ಕೊನೆಗಳ ಎಂಡ್‌ಗಳನ್ನೂ ಸೇರಿಸಿ, ಏಳು ಮಂದಿ. ಸ್ಥಾನಕ್ಕೊಬ್ಬನನ್ನು ಆರಿಸಬೇಕೆಂದ ಕೂಡಲೇ ಪಟ್ಟಿಯಲ್ಲಿ ಏಳು ಹೆಸರುಗಳು ಮುಂಚೂಣಿಯವರಿಗೆ ಸಲ್ಲುತ್ತವೆ. ಅಂಕ ಗಳಿಸಿದವರನ್ನು ಮಾತ್ರ ಹೊಗಳುವ ಅಭ್ಯಾಸವಿದ್ದ ಜನರು ಪ್ರತಿ ವರ್ಷವೂ ಇಬ್ಬರು ಗಾರ್ಡ್‌ಗಳ, ಇಬ್ಬರು ಟ್ಯಾಕಲ್‌ಗಳ, ಒಬ್ಬ ಸೆಂಟರಿನ ಹೆಸರನ್ನು ಓದಲೇಬೇಕಾಯಿತು. ಅಷ್ಟರಮಟ್ಟಿಗೆ ಕ್ಯಾಂಪನು ಅಜ್ಞಾತರಿಗೆ ನ್ಯಾಯ ದೊರಕಿಸಿದನು.

ಆದರೆ ಆ ನ್ಯಾಯವು ಪೂರ್ಣವಾದುದಾಗಿತ್ತೇ? ಮೊದಲ ಪಟ್ಟಿಯ ಹನ್ನೊಂದು ಮಂದಿಯೂ ಯೇಲ್, ಹಾರ್ವರ್ಡ್, ಪ್ರಿನ್ಸ್‌ಟನ್ ಎಂಬ ಮೂರೇ ಕಾಲೇಜುಗಳವರು. ಪಶ್ಚಿಮಭಾಗದ ಕಾಲೇಜೊಂದರ ಆಟಗಾರನು, ಷಿಕಾಗೋವಿನ ಹರ್ಷ್‌ಬರ್ಗರ್, ಪಟ್ಟಿಯನ್ನು ಸೇರಿದುದು 1898ರಲ್ಲಿ. ಅಷ್ಟು ವರ್ಷಗಳವರೆಗೆ ಉಳಿದೆಡೆ ಒಳ್ಳೆಯ ಗಾರ್ಡ್‌ಗಳೇ ಹುಟ್ಟಲಿಲ್ಲವೆಂದು ನಂಬುವುದು ಕಷ್ಟ. ಒಬ್ಬ ಮನುಷ್ಯನು ಕಣ್ಣಾರೆ ನೋಡಬಹುದಾದ ಪಂದ್ಯಗಳು ಕೆಲವೇ; ಅವನು ನೋಡದ ಕಡೆ ಆಡಿದವನು ಎಷ್ಟು ಚೆನ್ನಾಗಿ ಆಡಿದರೇನು? ದೊಡ್ಡ ಹೆಸರಿನ ಸಂಸ್ಥೆಯಲ್ಲಿದ್ದವನಿಗೆ ಸುಲಭವಾಗಿ ದೊರೆತ ಮನ್ನಣೆಯು ದೂರದ ಊರಿನ ಕಾಲೇಜಿನವನಿಗೆ ದೊರೆಯಲಿಲ್ಲ. ನಮ್ಮಂಥ ಕಾಲೇಜುಗಳಿಂದ ಹೊರಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆ ಜೀವನದ ಕಹಿಯಾದ ಭಾಗಕ್ಕೆ ಬರೋಣ. ಮೂರು ಡೌನ್‌ಗಳಲ್ಲಿ ಐದು ಗಜವೆಂದರೆ ಒಂದೊಂದಕ್ಕೆ ಎರಡು ಗಜಕ್ಕೂ ಕಡಿಮೆ. ಬೇಕಾದುದು ಅಷ್ಟೇ ಆದ ಮೇಲೆ ಬಯಲಿನ ಅಗಲವನ್ನೆಲ್ಲ ಬಳಸಿ ಜಾಣತನದಿಂದ ಓಡುವ ಅಗತ್ಯವೇನು? ಎಲ್ಲರೂ ಒಟ್ಟುಗೂಡಿ ಒಂದೇ ಕಡೆ ನುಗ್ಗಿದರೆ ಸಾಕು. 1888ರಲ್ಲಿ ಸೊಂಟದಿಂದ ಕೆಳಕ್ಕೆ, ಮೊಣಕಾಲಿನವರೆಗೆ ಹಿಡಿದು ಕೆಡವಲು ಅನುಮತಿ ದೊರೆಯಿತು. ಮುಂಚೂಣಿಯವರು ಕೈ ಚಾಚಿ ತಡೆಯುವುದು ನಿಷಿದ್ಧವಾಯಿತು. ಬಯಲಿನಲ್ಲಿ ಒಂಟಿಯಾಗಿ ಓಡುವವನಿಗೆ ಉಳಿಗಾಲವಿಲ್ಲದಂತಾಯಿತು. ಅಗಲವಾಗಿ ಹರಡಿದ್ದ ಸಾಲು ಭುಜಕ್ಕೆ ಭುಜ ತಾಗುವಂತೆ ಕುಗ್ಗಿತು. 1892ರಲ್ಲಿ ಹಾರ್ವರ್ಡ್ ತಂಡವು, ಲೊರಿನ್ ಡೆಲಂಡ್ ಎಂಬ ಚದುರಂಗಪ್ರಿಯನ ಸಲಹೆಯಂತೆ, ಹಾರುವ ಬೆಣೆಯೆಂಬ ವ್ಯೂಹವನ್ನು ಯೇಲ್ ಎದುರು ಪ್ರಯೋಗಿಸಿತು. ದೂರದಿಂದ ವೇಗವಾಗಿ ಓಡಿಬಂದ ಎರಡು ಗುಂಪುಗಳು ಬೆಣೆಯಾಕಾರದಲ್ಲಿ ಕೂಡಿ ಒಬ್ಬನೇ ಎದುರಾಳಿಯ ಮೇಲೆ ಬೀಳುವುದು ಅದರ ಗುಟ್ಟು. 1894ರಲ್ಲಿ ಅದನ್ನು ನಿಷೇಧಿಸಿದರೂ ಗುಂಪುನುಗ್ಗುವಿಕೆ ನಿಲ್ಲಲಿಲ್ಲ. ಕತ್ತು ಮುರಿದವರು, ಬೆನ್ನುಮೂಳೆ ಮುರಿದವರು, ತಲೆಗೆ ಪೆಟ್ಟುಬಿದ್ದವರು ವರ್ಷೇ ವರ್ಷೇ ಹೆಚ್ಚಿದರು. ಒಂದೆರಡು ಗಜಗಳಿಗಾಗಿ ತರುಣರು ಪ್ರಾಣ ತೆತ್ತರು.

ಆಟವನ್ನೇ ನಿಲ್ಲಿಸಬೇಕೆಂಬ ಕೂಗು ಎದ್ದಾಗ ಕ್ಯಾಂಪನು ಅದರ ರಕ್ಷಣೆಗೆ ನಿಂತನು. ಹಳೆಯ ಆಟಗಾರರಿಗೂ ಶಾಲಾ ಕಾಲೇಜುಗಳ ಮುಖ್ಯಸ್ಥರಿಗೂ ಪ್ರಶ್ನಾವಳಿಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು 1894ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಆಟದಿಂದ ಕೇಡಿಗಿಂತ ಹಿತವೇ ಹೆಚ್ಚೆಂದು ಆ ಪುಸ್ತಕ ಸಾರಿತು. ಆದರೆ ಪ್ರತಿಕೂಲವಾಗಿದ್ದ ಉತ್ತರಗಳಲ್ಲಿ ಕೆಲವನ್ನು ಅವನು ಬಿಟ್ಟಿದ್ದನೆಂದು ಅವನ ಕಾಗದಪತ್ರಗಳನ್ನು ಪರಿಶೀಲಿಸಿದ ಚರಿತ್ರಕಾರರು ಮುಂದೆ ತೋರಿಸಿದರು. ಗಜಗಳನ್ನು ಅಷ್ಟು ನಿಷ್ಕರ್ಷೆಯಾಗಿ ಅಳೆಯಲು ಕಲಿಸಿದವನು ಗಾಯಗಳನ್ನು ಅಳೆಯುವಾಗ ಕೋಲನ್ನು ತುಸು ಬಾಗಿಸಿದನು. ಜೀವನಚರಿತ್ರೆಯನ್ನು ಬರೆಯುವವರು ಇದನ್ನು ಮುಚ್ಚಿಡುವುದು ಸರಿಯಲ್ಲ. ಆಟದ ಮೇಲಿನ ಪ್ರೀತಿಯೇ ಅವನ ಕಣ್ಣಿಗೆ ಪೊರೆಯಾಯಿತೆಂದು ಹೇಳಬಹುದು. ಆದರೆ ಪ್ರೀತಿಯು ನ್ಯಾಯಾಧೀಶನಿಗೆ ಸಮಾಧಾನವಾಗಲಾರದು.

1905ರಲ್ಲಿ ಸಂಕಟವು ಪರಾಕಾಷ್ಠೆಯನ್ನು ಮುಟ್ಟಿತು. ಅಕ್ಟೋಬರ್ 9ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಯೇಲ್, ಹಾರ್ವರ್ಡ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಶುದ್ಧಿಗೊಳಿಸುವಂತೆ ಒತ್ತಾಯಪಡಿಸಿದನು. ಕ್ಯಾಂಪನೂ ಅಲ್ಲಿದ್ದನು. ಆದರೂ ಆ ಋತುವಿನ ಕೊನೆಗೆ ಷಿಕಾಗೋ ಪತ್ರಿಕೆಯೊಂದರ ಲೆಕ್ಕದಂತೆ ದೇಶದಾದ್ಯಂತ ಸತ್ತವರು 18 ಮಂದಿ. ಕೊಲಂಬಿಯಾ ವಿಶ್ವವಿದ್ಯಾನಿಲಯವು ಆಟವನ್ನೇ ಕೈಬಿಟ್ಟಿತು. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಮುಖ್ಯಸ್ಥ ಹೆನ್ರಿ ಮ್ಯಾಕ್‌ಕ್ರ್ಯಾಕನನು ಡಿಸೆಂಬರಿನಲ್ಲಿ ಕಾಲೇಜುಗಳ ಸಭೆಯನ್ನು ಕರೆದನು; ಅದರಿಂದ ಹುಟ್ಟಿದ ಸಂಘಕ್ಕೇ ಮುಂದೆ 1910ರಲ್ಲಿ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವೆಂದು ಹೆಸರಾಯಿತು. ಅಷ್ಟು ವರ್ಷಗಳ ಕಾಲ ಕ್ಯಾಂಪನ ಹಿಡಿತದಲ್ಲಿದ್ದ ನಿಯಮಸಮಿತಿಯು ಹೊಸ ಸಮಿತಿಯೊಡನೆ ಕೂಡಿಕೊಂಡಿತು. ಕಾರ್ಯದರ್ಶಿಯ ಸ್ಥಾನವು ಹಾರ್ವರ್ಡಿನ ಬಿಲ್ ರೀಡನಿಗೆ ಸಂದಿತು. ಕ್ಯಾಂಪನು ಸದಸ್ಯನಾಗಿ ಉಳಿದನೇ ಹೊರತು ಮೊದಲಿನ ಒಡೆತನ ಉಳಿಯಲಿಲ್ಲ.

ಆಗ ಆಟವನ್ನು ಉಳಿಸಿದ ಸುಧಾರಣೆಗಳಲ್ಲಿ ಒಂದು ಕ್ಯಾಂಪನದೇ ಸೂಚನೆ. ಐದು ಗಜದ ಬದಲು ಹತ್ತು ಗಜವಾಗಬೇಕೆಂದು ಅವನು ಬಯಸಿದನು. ದೂರ ಹೆಚ್ಚಿದರೆ ಬರಿಯ ನುಗ್ಗಾಟದಿಂದ ಕೆಲಸ ಸಾಗದು, ಆಟವು ತಾನಾಗಿ ಹರಡಿಕೊಳ್ಳುವುದು ಎಂಬುದು ಅವನ ವಾದ. ಚೆಂಡನ್ನು ಮುಂದಕ್ಕೆ ಎಸೆಯುವ ಕ್ರಮಕ್ಕೆ ಅವನ ಒಲವಿರಲಿಲ್ಲ. ಆದರೂ 1906ರಲ್ಲಿ ಅದೂ ಅಂಗೀಕೃತವಾಯಿತು. ಎರಡು ಸಾಲುಗಳ ನಡುವೆ ಚೆಂಡಿನ ಉದ್ದದಷ್ಟು ಜಾಗವು ಖಾಲಿ ಇರಬೇಕೆಂದೂ ನಿಯಮವಾಯಿತು. 1910ರಲ್ಲಿ ಚೆಂಡು ಹಿಡಿದವನನ್ನು ಅವನ ಕಡೆಯವರು ಎಳೆಯುವುದೂ ತಳ್ಳುವುದೂ ನಿಷಿದ್ಧವಾಗಿ, ಆಕ್ರಮಣಪಕ್ಷದ ಏಳು ಮಂದಿ ಗೆರೆಯ ಮೇಲೆ ನಿಲ್ಲಲೇಬೇಕೆಂದು ವಿಧಿಸಲಾಯಿತು. 1912ರಲ್ಲಿ ಡೌನ್‌ಗಳು ಮೂರರಿಂದ ನಾಲ್ಕಾದವು. ಹೀಗೆ ಒಂದೆರಡು ಗಜದ ಸೆಣಸಾಟವು ಇಡೀ ಆಟದ ಸ್ವಭಾವವಾಗಿದ್ದುದು ತಪ್ಪಿ, ಆಗಾಗ ಒದಗುವ ಒಂದು ಪರೀಕ್ಷಾಕಾಲ ಮಾತ್ರವಾಯಿತು. ತಳ್ಳುವುದರ ಮೇಲಿನ ನಿಷೇಧವು ಇಪ್ಪತ್ತೊಂದನೆಯ ಶತಮಾನದಲ್ಲಿ ಸಡಿಲವಾದುದರಿಂದ ಆ ಹಳೆಯ ವಿವಾದಕ್ಕೆ ಮತ್ತೆ ಜೀವ ಬಂದುದೂ ಉಂಟು.

ಕ್ಯಾಂಪನು ಬಿಟ್ಟುಹೋದ ಪ್ರಶ್ನೆ, ಎಂದರೆ ಮುಂಚೂಣಿಯನ್ನು ಅಳೆಯುವುದು ಹೇಗೆಂಬುದು, ಈಗಲೂ ಪೂರ್ಣವಾಗಿ ಬಗೆಹರಿದಿಲ್ಲ. ಓಟಕ್ಕೆ ಸರಾಸರಿ ಎಷ್ಟು ಗಜ ಬಂದಿತೆಂದು ನೋಡಿದರೆ ಸಾಲದು. ಒಂದು ಗಜ ಬೇಕಾದಾಗ ಎರಡು ಗಜ ಗಳಿಸಿದರೆ ಪೂರ್ಣಜಯ. ಹತ್ತು ಗಜ ಬೇಕಾದಾಗ ಅದೇ ಎರಡು ಗಜ ಅಲ್ಪವೇ ಸರಿ. ಆದಕಾರಣ ಇಂದಿನ ಲೆಕ್ಕಿಗರು ಮೂರನೆಯ ಅಥವಾ ನಾಲ್ಕನೆಯ ಡೌನಿನಲ್ಲಿ ಎರಡು ಗಜ ಇಲ್ಲವೆ ಅದಕ್ಕಿಂತ ಕಡಿಮೆ ಬೇಕಾಗಿದ್ದ ಓಟಗಳನ್ನು ಬೇರೆ ತೆಗೆದು, ಅವುಗಳಲ್ಲಿ ಎಷ್ಟು ಸಫಲವಾದವೆಂದು ನೂರಕ್ಕೆ ಇಂತಿಷ್ಟರಂತೆ ಎಣಿಸುತ್ತಾರೆ. ಗೆರೆಯಲ್ಲಿಯೇ ಅಥವಾ ಗೆರೆಯ ಹಿಂದೆಯೇ ತಡೆಯಲ್ಪಟ್ಟ ಓಟಗಳೆಷ್ಟೆಂದೂ ಎಣಿಸುತ್ತಾರೆ. ಇದು ಸರಾಸರಿಗಿಂತ ಎಷ್ಟೋ ನ್ಯಾಯವಾದ ಮಾನದಂಡ.

ಆದರೂ ಇದರಲ್ಲಿ ಮೂರು ತೊಡಕುಗಳಿವೆ. ಮೊದಲನೆಯದು, ಇಂಥ ಸಂದರ್ಭಗಳ ಸಂಖ್ಯೆ ಅಲ್ಪ. ಹತ್ತು ಪ್ರಯತ್ನಗಳಲ್ಲಿ ಒಂದು ತಂಡ ಏಳನ್ನೂ ಇನ್ನೊಂದು ತಂಡ ಆರನ್ನೂ ಗೆದ್ದಿತೆಂದು ಭಾವಿಸೋಣ. ನೂರಕ್ಕೆ ಎಪ್ಪತ್ತು, ನೂರಕ್ಕೆ ಅರವತ್ತು ಎಂದು ಬರೆದರೆ ಅಂತರ ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ಅದು ಒಂದೇ ಒಂದು ಓಟದ ಅಂತರ, ಒಬ್ಬನ ಕಾಲು ಜಾರಿದ್ದರ ಅಂತರವೂ ಆಗಿರಬಹುದು. ಎರಡನೆಯದು, ಎದುರಾಳಿಯ ಬಲ. ದುರ್ಬಲರ ಎದುರು ಹತ್ತಕ್ಕೆ ಹತ್ತು ಗೆದ್ದವನಿಗಿಂತ ಪ್ರಬಲರ ಎದುರು ಆರು ಗೆದ್ದವನು ಮೇಲಾಗಬಹುದು. ಎದುರು ಪಕ್ಷದ ಒಂಬತ್ತು ಮಂದಿ ಗೆರೆಯ ಬಳಿ ಕಿಕ್ಕಿರಿದು ನಿಂತಿದ್ದರೇ, ಆರು ಮಂದಿಯೇ ಎಂಬುದನ್ನೂ ನೋಡಬೇಕು. ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು: ಫಲವು ಯಾರದು? ನಾಲ್ವರು ತಮ್ಮ ಎದುರಾಳಿಗಳನ್ನು ಹಿಂದಕ್ಕೆ ತಳ್ಳಿದರೂ ಐದನೆಯವನು ಒಂದು ಸಂದು ಬಿಟ್ಟರೆ ಓಟ ಮುರಿಯುತ್ತದೆ. ಲೆಕ್ಕದಲ್ಲಿ ಐವರಿಗೂ ಸೋಲು. ಮುಂಚೂಣಿ ಸೋತಾಗಲೂ ಓಡುವವನು ತನ್ನ ಬಲದಿಂದ ಇಬ್ಬರನ್ನು ಎಳೆದುಕೊಂಡು ಗಜ ಮುಟ್ಟಿದರೆ ಐವರಿಗೂ ಗೆಲವು. ಆದಕಾರಣ ತಿಳಿದವರು ಚಿತ್ರವನ್ನು ಮತ್ತೆ ಮತ್ತೆ ಓಡಿಸಿ ನೋಡುವಾಗ ಚೆಂಡನ್ನು ನೋಡುವುದಿಲ್ಲ. ಮೊದಲ ಹೆಜ್ಜೆ ಯಾರದು, ಯಾರ ಭುಜ ಕೆಳಗಿತ್ತು, ಗೆರೆಯು ಒಟ್ಟಾಗಿ ಯಾವ ಕಡೆಗೆ ಸರಿಯಿತು ಎಂಬುದನ್ನು ನೋಡುತ್ತಾರೆ. ಆಲಿಸ್ ಕ್ಯಾಂಪ್ 1888ರಲ್ಲಿ ಮೈದಾನದ ಅಂಚಿನಲ್ಲಿ ನಿಂತು ಮಾಡಿದ ಕೆಲಸವೂ ಇದೇ ಜಾತಿಯದು. ಅಂಕಿಗಳು ಎಲ್ಲಿ ನೋಡಬೇಕೆಂದು ತೋರಿಸಬಲ್ಲವು. ನೋಡುವ ಶ್ರಮವನ್ನು ತಪ್ಪಿಸಲಾರವು.

ಕ್ಯಾಂಪನ ಕೊನೆಯ ವರ್ಷಗಳು ಗೌರವದಿಂದಲೇ ಕಳೆದವು. ಮೊದಲ ಮಹಾಯುದ್ಧದ ಕಾಲದಲ್ಲಿ ನೌಕಾದಳದ ಶಿಬಿರಗಳ ಅಂಗಸಾಧನೆಯ ಮೇಲ್ವಿಚಾರಣೆಯನ್ನು ವಹಿಸಿ, ಹನ್ನೆರಡು ಸರಳ ವ್ಯಾಯಾಮಗಳ ಕ್ರಮವೊಂದನ್ನು ರಚಿಸಿದನು. ಡೈಲಿ ಡಜನ್ ಎಂಬ ಹೆಸರಿನಿಂದ ಅದು ಸೈನಿಕರಿಂದ ಗೃಹಸ್ಥರವರೆಗೆ ಹಬ್ಬಿತು. ಗ್ರಾಮಫೋನ್ ತಟ್ಟೆಗಳ ಮೂಲಕವೂ ಪ್ರಚಾರವಾಯಿತು. ಆದರೆ ಅವನ ಮನಸ್ಸು ನಿಯಮಸಮಿತಿಯನ್ನು ಬಿಟ್ಟಿರಲಿಲ್ಲ. 1925ರ ಮಾರ್ಚಿಯಲ್ಲಿ ಆ ಸಮಿತಿಯ ಸಭೆಗಾಗಿ ನ್ಯೂಯಾರ್ಕಿಗೆ ಹೋದವನು ಮಾರ್ಚಿ 14ರ ಬೆಳಗ್ಗೆ ಸಭೆಗೆ ಬರಲಿಲ್ಲ. ಸಂಗಡಿಗರು ಹೋಗಿ ನೋಡಿದಾಗ ಹೋಟೆಲಿನ ಕೊಠಡಿಯಲ್ಲಿ ನಿದ್ರೆಯಲ್ಲಿಯೇ ಪ್ರಾಣ ಹೋಗಿದ್ದಿತು. ಅವನಿಗೆ ಅರವತ್ತೈದು ವರ್ಷ. 1928ರಲ್ಲಿ ಯೇಲಿನ ಕ್ರೀಡಾಂಗಣದ ಮುಂದೆ ಅವನ ನೆನಪಿಗಾಗಿ ಭವ್ಯವಾದ ಹೆಬ್ಬಾಗಿಲನ್ನು ನಿಲ್ಲಿಸಿದರು. ದೇಶದ ನೂರಾರು ಶಾಲಾ ಕಾಲೇಜುಗಳು ಅದಕ್ಕೆ ವಂತಿಗೆ ಕೊಟ್ಟವು. ಅವನ ಪಟ್ಟಿಯಲ್ಲಿ ಎಂದೂ ಹೆಸರು ಕಾಣದ ಕಾಲೇಜುಗಳೂ ಅವುಗಳಲ್ಲಿ ಇದ್ದವು.

ಕ್ಯಾಂಪನು ದೋಷರಹಿತನಲ್ಲ. ಅವನ ನಿಯಮದ ನೆರಳಿನಲ್ಲಿ ತರುಣರು ಸತ್ತರು; ಅವರ ಲೆಕ್ಕವನ್ನು ಅವನು ನೇರವಾಗಿ ಎದುರಿಸಲಿಲ್ಲ; ಅವನ ಪಟ್ಟಿಯಲ್ಲಿ ಪಕ್ಷಪಾತವಿದ್ದಿತು. ಆದರೂ ದಾರಿ ಬಿಡಿಸುವವನಿಗೂ ಓಡುವವನಷ್ಟೇ ಹೆಸರು ಸಲ್ಲಬೇಕೆಂಬ ಪದ್ಧತಿಯನ್ನು ನಿಲ್ಲಿಸಿದವನು ಅವನೇ. ತನ್ನ ಐದು ಗಜವು ಹತ್ತಾಗಬೇಕೆಂದು ಹೇಳಿ ತನ್ನ ಕೈಕೆಲಸವನ್ನು ತಾನೇ ತಿದ್ದಲು ಮುಂದಾದವನೂ ಅವನೇ. ಮುಂದೆ ನಮ್ಮಲ್ಲಿ ಕೆಲವರು ಉಪಾಧ್ಯಾಯರಾಗುತ್ತೇವೆ, ಕೆಲವರು ಕಚೇರಿಗಳಲ್ಲಿ ಇತರರ ಕೆಲಸಕ್ಕೆ ಬೆಲೆ ಕಟ್ಟುವ ಸ್ಥಾನದಲ್ಲಿ ಕುಳಿತುಕೊಳ್ಳುತ್ತೇವೆ. ಆಗ ಗುರಿ ಮುಟ್ಟಿದವನನ್ನು ಹೊಗಳುವುದಕ್ಕೆ ಮೊದಲು ಅವನಿಗೆ ದಾರಿ ಬಿಡಿಸಿದವರು ಯಾರೆಂದು ಕೇಳುವ ಅಭ್ಯಾಸ ನಮಗಿರಲಿ. ನಾವು ಓಡಿದ ದಾರಿಯನ್ನೂ ಯಾರೋ ಬಾಗಿ, ಭುಜ ಕೊಟ್ಟು, ಬಿಡಿಸಿದ್ದಾರೆ. ಅವರ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ.